ಗಂಟಿನೊಳಗಿನ ಹುಕುಂ

ಹಿಂಡು ಬಿಟ್ಟ ಕುರಿ ಸುಮ್ಮನಿರುವುದಿಲ್ಲ. ಖಟಕ ಚಿಂಚೋಳಿಯ ನಮ್ಮ ಮನೆಯ ಅಂಗಳದಲ್ಲಿ ಆ ಮುದಿ ಕುರಿ ಬೆಳಗಿನಿಂದ ಒದರುತ್ತಲೇ ಇತ್ತು. ಹಿಂಡೆಲ್ಲ ಔರಾದ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆ ಕೂತಿತ್ತು; ತಮ್ಮನ ಮಗ ಓಂಪ್ರಕಾಶ ಅದರ ಸಂಗಡ ಇದ್ದ. ಅವನನ್ನು ನೋಡಲು ಹೋಗಿದ್ದ ನನ್ನ ತಮ್ಮ ಧೊಂಡಿಬಾ, ಬರುವಾಗ ಇದೊಂದೇ ಕುರಿಯನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದ.

“ಯಾಕೋ ತಂದಿ ಇದನ್ನ?” ಎಂದೆ.

“ಕಾಲು ಕುಂಟಾಗ್ಯದ ಯಕ್ಕಾ. ಅಲ್ಲಿ ಹಿಂದ ಬೀಳ್ಲಾಕತ್ತಿತ್ತು.”

ನಾನು ಹತ್ತಿರ ಹೋಗಿ ನೋಡಿದೆ. ಕುರಿ ಸರಿಯಾಗಿ ನಿಂತಿತ್ತು, ಗೊರಸಿನಲ್ಲಿ ಮುಳ್ಳಿರಲಿಲ್ಲ, ಹುಳ ಇರಲಿಲ್ಲ. ನನ್ನ ಕಣ್ಣು ಮಂಜಾಗಿವೆ, ಆದರೆ ಕುರಿಯ ಕುಂಟು ಕಾಣದಷ್ಟಲ್ಲ. ಗಂಡ ಹೋದ ಮೇಲೆ ಭಾತಂಬ್ರಾದಿಂದ ತವರಿಗೆ ಬಂದು ತಮ್ಮನ ಮನೆಯಲ್ಲಿ ಇಷ್ಟು ವರ್ಷ ಕಳೆದವಳು ನಾನು. ನೋಡಿದ್ದನ್ನೆಲ್ಲ ಆಡಬಾರದು ಎಂದು ಕಲಿತಿದ್ದೇನೆ.

ಮರುದಿನ ಬೆಳಿಗ್ಗೆ ಅವನು ರೊಟ್ಟಿಯ ಚೂರಿಗೆ ಬೆಲ್ಲ ಹಚ್ಚಿ ಆ ಕುರಿಗೆ ಕೈಯಾರೆ ತಿನ್ನಿಸುತ್ತಿದ್ದ. ಅದರ ಗದ್ದ ಹಿಡಿದು, ನುಂಗುವವರೆಗೂ ಬಿಡಲಿಲ್ಲ. ಹೆತ್ತ ಮಗನಿಗೆ ಒಂದು ದಿನ ತುತ್ತು ಮಾಡಿ ಕೊಟ್ಟವನಲ್ಲ. ಆವತ್ತೇ ನನಗೆ ಸಂಶಯ ಹತ್ತಿತು. ಆದರೆ ಸಂಶಯ ಯಾವುದರ ಮೇಲೆ ಎಂಬುದು ನನಗೇ ತಿಳಿಯಲಿಲ್ಲ.

ಮನೆಯಲ್ಲಿ ಆಗ ಎಲ್ಲರಿಗೂ ಒಂದೇ ಚಿಂತೆ. ಓಂಪ್ರಕಾಶನ ಹೆಂಡತಿ ಮಲ್ಲೇಶ್ವರಿಗೆ ಎದೆಯ ಕ್ಯಾನ್ಸರ್ ಆಗಿತ್ತು. ಬೀದರದ ದವಾಖಾನೆಯಲ್ಲಿ ಕೊಯ್ದು ತೆಗೆದಿದ್ದರು, ಸಲಾಯಿನ್ನಿನಲ್ಲಿ ಔಷಧ ಹಾಕಿದ್ದರು, ಕೂದಲು ಉದುರಿ ಮತ್ತೆ ಬಂದಿತ್ತು. ಇನ್ನೇನು ಮುಗಿಯಿತು ಅನ್ನುವಾಗ ಕಂಕುಳಲ್ಲಿ ಮತ್ತೆ ಗಂಟು ಕಾಣಿಸಿತು.

ನಮ್ಮ ಸೋದರತ್ತೆ ಸುಭದ್ರಾಬಾಯಿಗೂ ಇದೇ ಬೇನೆ ಆಗಿತ್ತು. ಆಗ ನಾನಿನ್ನೂ ಪರಕಾರ ತೊಡುವ ಹುಡುಗಿ. ಅತ್ತೆ ಯಾರಿಗೂ ಹೇಳಲಿಲ್ಲ. ಬೇವಿನ ಸೊಪ್ಪು ಅರೆದು ಎದೆಗೆ ಕಟ್ಟಿಕೊಂಡು ಮೇಲೆ ಸೆರಗು ಹೊದ್ದು ಹೊಲದ ಕೆಲಸ ಮಾಡಿದಳು. ವಾಸನೆ ಬಂದಮೇಲೆ ಮನೆಯವರಿಗೆ ತಿಳಿಯಿತು. ಆಮೇಲೆ ಅವಳ ಹತ್ತಿರ ಕೂರುತ್ತಿದ್ದವಳು ನಾನೊಬ್ಬಳೇ. ಆ ಬಟ್ಟೆ ಒಗೆದ ಕೈ ಇವು. ಅದಕ್ಕೇ ಮಲ್ಲೇಶ್ವರಿ ಮೊದಲ ಸಲ “ಅತ್ತಿ, ಇಲ್ಲಿ ಏನೋ ಗಟ್ಟಿ ಹತ್ತತದ” ಅಂದಾಗ ಅವತ್ತೇ ಬಸ್ ಹತ್ತಿಸಿದೆ.

ಗಂಟು ಮರಳಿ ಬಂದಾಗ ದವಾಖಾನೆಯವರು ನಮ್ಮನ್ನು ತಸ್ಲೀಮ ಎಂಬ ಡಾಕ್ಟರಬಾಯಿಯ ಕಡೆ ಕಳಿಸಿದರು. ಬೀದರದ ಹಳೇ ಊರಿನ ಹುಡುಗಿ. ಹೊಸ ಗುಳಿಗೆಯೊಂದನ್ನು ಪರೀಕ್ಷೆ ಮಾಡುವವರಲ್ಲಿ ಅವಳೂ ಒಬ್ಬಳು. ಅವತ್ತು ಧೊಂಡಿಬಾನೂ ಬಂದಿದ್ದ. ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು, ಗೋಡೆಗೆ ಬೆನ್ನು ಕೊಟ್ಟು, ಅವಳ ಬಾಯಿಯನ್ನೇ ನೋಡುತ್ತ ಕೂತಿದ್ದ.

“ನೋಡ್ರಿ ಕಾಕಾ,” ಎಂದಳು ತಸ್ಲೀಮ. “ನಮ್ಮ ಮೈಯಾಗ ಸಣ್ಣ ಸಣ್ಣ ಕಣ ಇರ್ತಾವ. ಹಳೀದಾದ ಕಣ, ಕೆಟ್ಟ ಕಣ ತಾವೇ ಸಾಯ್ತಾವ. ದಿನಾ ಸಾಯ್ತಾವ. ಅವು ಸಾಯ್ತಾವ ಅಂತನೇ ನಾವು ಬದಕ್ತೀವಿ. ಸಾಯಬೇಕು ಅನ್ನೋ ಹುಕುಂ ಪ್ರತಿ ಕಣದೊಳಗೂ ಬರದಿರ್ತದ. ಈಕಿ ಗಂಟಿನ ಕಣದೊಳಗ ಆ ಹುಕುಂ ಹರದಿಲ್ಲ, ಅಳಸಿಲ್ಲ. ಅದರ ಮ್ಯಾಲ ಏನೋ ಕುಂತು ಮುಚ್ಚಿಬಿಟ್ಟದ. ಓದ್ಲಾಕ ಬರಲ್ಲ. ಅದಕ್ಕ ಕಣ ಸಾಯಂಗಿಲ್ಲ, ಬೆಳಕೋತೇ ಹೋಗ್ತದ. ಈ ಗುಳಿಗಿ ಆ ಮುಚ್ಚಳ ತೆಗೀತದ.”

“ಅಂದ್ರ ಸಾಯೋ ಹುಕುಂ ಎಬ್ಬಸ್ತೀರಿ.”

“ಹಾಂ. ಗಂಟಿನೊಳಗಿಂದು.”

“ಹುಕುಂ ಬರೀ ಗಂಟಿನಾಗ ಅದ ಏನ್ರಿ?”

“ಇಲ್ರಿ, ಎಲ್ಲಾ ಕಣದಾಗೂ ಅದ.”

ಧೊಂಡಿಬಾ ತೊಡೆಯ ಮೇಲಿನ ಟೊಪ್ಪಿಗೆಯನ್ನು ಒಂದು ಸುತ್ತು ತಿರುಗಿಸಿದ. “ಮತ್ತ ಗುಳಿಗಿಗಿ ಯಾರ್ ಹೇಳ್ತಾರ್ರಿ ಬಾಯಾರ, ಇಷ್ಟು ಎಬ್ಬಸು, ಉಳಿದಿದ್ದು ಬಿಡು ಅಂತ?”

ತಸ್ಲೀಮ ಉತ್ತರಕ್ಕೆ ಬಾಯಿ ತೆರೆದು, ಒಮ್ಮೆ ಮಲ್ಲೇಶ್ವರಿಯ ಕಡೆ ನೋಡಿ, “ಅದನ್ನೇ ನಾವೂ ನೋಡ್ಲಾಕತ್ತೀವ್ರಿ” ಎಂದಳು. ಆ ಒಂದು ನೋಟ ಕೆಲಸ ಕೆಡಿಸಿತು. ಕುರಿ ಕೊಳ್ಳುವಾಗ ಅದರ ಹಲ್ಲಿನ ಸಂಗಡ ಮಾರುವವನ ಕಣ್ಣನ್ನೂ ನೋಡುವುದು ನಮ್ಮವರ ಅಭ್ಯಾಸ.

ಮೇಲಾಗಿ ಗುಳಿಗೆ ಪುಕ್ಕಟೆ. ಬಸ್ಸಿನ ಖರ್ಚೂ ಅವರದೇ. ನಮ್ಮಪ್ಪನ ಕಾಲದಲ್ಲಿ ಜೀಪಿನಲ್ಲಿ ಬಂದ ಯಾರೋ ಹಿಂಡಿಗೆಲ್ಲ ಪುಕ್ಕಟೆ ಸೂಜಿ ಚುಚ್ಚಿ ಹೋದರು. ಆ ವರ್ಷ ಗಬ್ಬದ ಕುರಿಗಳು ಕಂದು ಹಾಕಿದವು. ಸೂಜಿಯಿಂದಲೋ, ಬೇರೆ ಬೇನೆಯಿಂದಲೋ, ಯಾರೂ ಹೇಳಲಿಲ್ಲ. ಜೀಪೂ ಮತ್ತೆ ಬರಲಿಲ್ಲ. ಧೊಂಡಿಬಾ ಆಗ ಸತ್ತ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತ ಹುಡುಗ. ನಾನು ಮರೆತಿಲ್ಲ, ಅವನು ಹೇಗೆ ಮರೆತಾನು?

ಬಸ್ಸಿನಲ್ಲಿ ಕೂತ ಮೇಲೆ ಅವನು ನನ್ನ ಕಿವಿಯ ಹತ್ತಿರ ಬಂದ. “ಉಳಿಯಂಗಿಲ್ಲ ಅಂತ ಅವ್ರು ಮಾತಾಡ್ಕೊಂಡಾರ ಯಕ್ಕಾ. ಅದಕ್ಕ ಮೆಲ್ಲಕ ಕಳಿಸೋ ಗುಳಿಗಿ ಕೊಟ್ಟಾರ. ಹೆಸರು ತಾವೇ ಹೇಳಿದ್ರಲ್ಲ, ಸಾಯೋ ಹುಕುಂ ಅಂತ.”

“ಕೊಲ್ಲೋವ್ರು ಹೇಳಿ ಕೊಲ್ತಾರೇನೋ?”

“ಹೇಳಿ ಕೊಂದ್ರ ಯಾರಿಗೂ ಶಕ್ ಬರಂಗಿಲ್ಲ” ಎಂದ.

ಮಲ್ಲೇಶ್ವರಿ ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಗುಳಿಗೆಯ ಬಾಟಲಿ ಮಡಿಲಲ್ಲಿತ್ತು. ಮನೆಗೆ ಬಂದು, ಅಮಾವಾಸ್ಯೆ ಕಳೆದ ಮೇಲೆ ಶುರು ಮಾಡೋಣವೆಂದು ಅದನ್ನು ದೇವರ ಗೂಡಿನಲ್ಲಿಟ್ಟಳು.

ಇದಾದ ಮೇಲೆಯೇ ಆ ಕುರಿ ಬಂದದ್ದು.

ಮಲ್ಲೇಶ್ವರಿ ದಿನಾ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಗುಳಿಗೆ ನುಂಗುತ್ತಿದ್ದಳು. ಬೇರೆ ಯಾರೂ ಗುಳಿಗೆ ಮುಟ್ಟಬಾರದು, ಬಾಯಿ ಹುಣ್ಣಾಗಬಹುದು, ಸುಸ್ತಾಗಬಹುದು, ಜ್ವರ ಬಂದರೆ ತಡ ಮಾಡದೆ ಓಡಿಬರಬೇಕು ಎಂದು ತಸ್ಲೀಮ ಹೇಳಿ ಕಳಿಸಿದ್ದಳು. ಏನೂ ಆಗಲಿಲ್ಲ. ಮಲ್ಲೇಶ್ವರಿ ಜೋಳ ಹಸನು ಮಾಡಿದಳು, ನೀರು ತಂದಳು, ನನ್ನ ತಲೆಗೆ ಎಣ್ಣೆ ಹಚ್ಚಿದಳು. “ಭಾರಿ ಛಲೋ ಗುಳಿಗಿ ಅದ ಅತ್ತಿ, ಮೂಳಿನೂ ಹಗರಾದಂಗ ಆಗ್ಯಾವ” ಎಂದು ನಕ್ಕಳು.

ಅಂಗಳದ ಕುರಿ ಮಾತ್ರ ಒದರುವುದನ್ನು ಕಡಿಮೆ ಮಾಡಿತು. ಮೊದಲು ನಾನು, ಒಂಟಿತನ ರೂಢಿಯಾಯಿತು ಅಂದುಕೊಂಡೆ. ಆಮೇಲೆ ಅದು ಮೇವು ಮೂಸಿ ಬಿಡತೊಡಗಿತು. ಧೊಂಡಿಬಾ ಅದರ ತುಟಿ ಎತ್ತಿ ಎತ್ತಿ ನೋಡುತ್ತಿದ್ದ. ನಾನು ಹತ್ತಿರ ಹೋದರೆ ತುಟಿ ಬಿಟ್ಟು ಬೀಡಿ ಹುಡುಕುತ್ತಿದ್ದ.

ಬಾಟಲಿ ಮುಗಿದ ಮೇಲೆ ಬೀದರಕ್ಕೆ ಹೋಗಿ ರಕ್ತ ಕೊಟ್ಟು ಬಂದೆವು. ಕೆಲವು ದಿನಕ್ಕೆ ಮತ್ತೆ ಕರೆದರು. ಧೊಂಡಿಬಾ, “ಕುರಿಗಿ ಯಾರ್ ನೋಡ್ತಾರ?” ಎಂದು ಮನೆಯಲ್ಲೇ ಉಳಿದ. ನಾವಿಬ್ಬರೇ ಹೆಂಗಸರು ಹೋದೆವು.

ತಸ್ಲೀಮ ಆವತ್ತು ನಗಲಿಲ್ಲ. ಬಾಗಿಲು ಎಳೆದುಕೊಂಡು ಕೂತಳು.

“ಮಲ್ಲೇಶ್ವರಿ, ಗುಳಿಗಿ ತಗೊಂಡ್ರಿ?”

“ತಗೊಂಡೀನ್ರಿ.”

“ದಿನಾ?”

“ದಿನಾ ರೀ. ಅತ್ತಿಗಿ ಕೇಳ್ರಿ.”

“ಉಗುಳಿಲ್ಲ? ವಾಂತಿ ಆಗಿಲ್ಲ?”

“ಯಾಕ್ರಿ ಹಿಂಗ ಕೇಳ್ಲಾಕತ್ತೀರಿ? ಕಳ್ಳಿಗಿ ಕೇಳಿದಂಗ?”

ತಸ್ಲೀಮ ಕನ್ನಡಕ ತೆಗೆದಳು. “ಗುಳಿಗಿ ಹೊಟ್ಟಿಗಿ ಹೋದ್ರ ರಕ್ತದಾಗ ಗುರುತು ಬಿಡ್ತದ. ಮುಚ್ಚಳ ಒಂದೀಟರ ಸಡಿಲ ಆಗ್ತಾವ, ಬಿಳಿ ಕಣ ಇಳೀತಾವ. ನಿಮ್ಮದು ಮೊದಲ ಹ್ಯಾಂಗಿತ್ತೋ ಹಾಂಗೇ ಅದ. ಒಂದು ಕೂದಲೂ ಹಂದಿಲ್ಲ. ಗುಳಿಗಿ ತಗೊಂಡವ್ರ ರಕ್ತ ಹಿಂಗ ಇರಂಗಿಲ್ಲ.” ಹೊಸ ಬಾಟಲಿಯನ್ನು ಮೇಜಿನ ಮೇಲಿಟ್ಟಳು. “ಇನ್ನೊಂದು ಸಲ ಹಿಂಗೇ ಬಂದ್ರ, ಈ ಔಷಧ ನಿಮಗ ನಾಟಂಗಿಲ್ಲ ಅಂತ ಬರದು ನಿಲ್ಲಸ್ತಾರ. ನಂದೇನೂ ನಡಿಯಂಗಿಲ್ಲ. ಮತ್ತ ಮುಂದ ಕೊಡ್ಲಾಕ ನಮ್ಮ ಹತ್ರ ಭಾಳ ಏನೂ ಇಲ್ಲ.”

ಹೊರಗೆ ಬಂದ ಮೇಲೆ ಮಲ್ಲೇಶ್ವರಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಔರಾದದಿಂದ ಓಂಪ್ರಕಾಶ ಫೋನ್ ಮಾಡಿದ. ಇವಳು ಹೇಳಿದ್ದನ್ನು ಕೇಳಿ ಅವನೂ ಅದನ್ನೇ ಕೇಳಿದನೆಂದು ಕಾಣುತ್ತದೆ. “ನೀನೂ ಹಂಗೇ ಅಂತಿ?” ಎಂದು ಇವಳು ಫೋನ್ ಇಟ್ಟಳು. ನಿಜ ಹೇಳಬೇಕೆಂದರೆ ನಾನೂ ಅವಳ ಮುಖ ಓದುತ್ತಲೇ ಇದ್ದೆ. ಬದುಕು ಬೇಸರವಾದ ಹೆಂಗಸರು ಔಷಧವನ್ನು ಬೂದಿಗೆ ಚೆಲ್ಲಿದ್ದನ್ನು ನೋಡಿದವಳು ನಾನು. ಆದರೆ ಇವಳು ಹಾಗೆ ಚೆಲ್ಲುವವಳಾಗಿದ್ದರೆ ಬೆಳಿಗ್ಗೆ ಎದ್ದು ಹಸಿದ ಹೊಟ್ಟೆಯಲ್ಲಿ ನನ್ನನ್ನೇ ಎಬ್ಬಿಸಿ ನೀರು ಕೇಳುತ್ತಿರಲಿಲ್ಲ.

ಭಾಲ್ಕಿಯಲ್ಲಿ ಬಸ್ ಬದಲಿಸಬೇಕು. ಅವಳನ್ನು ನಿಲ್ದಾಣದಲ್ಲಿ ಕೂರಿಸಿ, ಅವಳ ತಲೆನೋವಿಗೆ ಏನಾದರೂ ತರೋಣವೆಂದು ಕುತುಬೋದ್ದೀನನ ಔಷಧದ ಅಂಗಡಿಗೆ ಹೋದೆ. ನಮ್ಮ ಊರವರೆಲ್ಲ ಹೋಗುವ ಅಂಗಡಿ ಅದು.

“ಸಲಾಂ ಆಪಾ, ಬರ್ರಿ. ನಿಮ್ಮ ತಮ್ಮನ ಮೂಳಿ ನೋವು ಹ್ಯಾಂಗದ?”

“ಅವನಿಗೆಲ್ಲಿ ಮೂಳಿ ನೋವು?”

“ಅರೇ, ಸುಣ್ಣದ ಗುಳಿಗಿ ಒಯ್ದಾನಲ್ರಿ! ಮೂಳಿಗಿ ಬಲ ಬರೋವು. ಗುಂಡಗಿನವೇ ಬೇಕು, ಬಿಳೀವೇ ಬೇಕು, ಹಿಂಗ ಸಣ್ಣವೇ ಬೇಕು ಅಂತ ಅಂಗಡಿ ಪೂರಾ ಇಳಿಸಿದ. ತೋರಿಸಿದ್ದೆಲ್ಲ ಬ್ಯಾಡ ಅಂದ. ಯಾ ಅಲ್ಲಾ, ಮಗಗ ಹೆಣ್ಣ ನೋಡ್ಲಾಕೂ ಇಷ್ಟು ಆರಿಸಿರ್ಲಿಕ್ಕಿಲ್ಲ!”

ಅವನು ನಗುತ್ತಿದ್ದ. ನಾನು ತಲೆನೋವಿನ ಗುಳಿಗೆ ತೆಗೆದುಕೊಳ್ಳುವುದನ್ನು ಮರೆತು ಹೊರಟೆ.

ನಮ್ಮವರದೊಂದು ರೂಢಿ ಇದೆ. ಜೋಳ ಕೊಯ್ದ ಮೇಲೆ ಮಳೆ ಬಿದ್ದರೆ ಬುಡದಿಂದ ಮತ್ತೆ ಚಿಗುರು ಏಳುತ್ತದೆ. ಹಸಿರು ಹಸಿರಾಗಿ ಕಾಣುತ್ತದೆ, ಆದರೆ ಒಮ್ಮೊಮ್ಮೆ ಅದರಲ್ಲಿ ವಿಷ ಇರುತ್ತದೆ; ತಿಂದ ಕುರಿ ಉಸಿರು ಕಟ್ಟಿ ಬೀಳುತ್ತದೆ. ನೋಡಿ ಹೇಳಲು ಬರುವುದಿಲ್ಲ. ಅದಕ್ಕೆ ಕುರುಬ ಹಿಂಡನ್ನು ಬದುವಿನ ಮೇಲೆ ತಡೆದು, ಹಲ್ಲು ಹೋದ ಮುದಿ ಕುರಿಯೊಂದನ್ನು ಮುಂದೆ ಬಿಡುತ್ತಾನೆ. ಅದಕ್ಕೆ ಏನೂ ಆಗದಿದ್ದರೆ ಹಿಂಡು ಇಳಿಯುತ್ತದೆ. ಧೊಂಡಿಬಾ ಮಲ್ಲೇಶ್ವರಿಯ ಗುಳಿಗೆಗೂ ಅದನ್ನೇ ಮಾಡಿದ್ದ. ರೊಟ್ಟಿಯ ಚೂರಿನಲ್ಲಿ ಇದ್ದದ್ದು ಬರೀ ಬೆಲ್ಲವಲ್ಲ.

ಮನೆ ಮುಟ್ಟಿದಾಗ ಅವನು ಕುರಿಯ ಪಕ್ಕದಲ್ಲೇ ಕೂತಿದ್ದ. ಮಲ್ಲೇಶ್ವರಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು.

“ಸುಣ್ಣದ ಗುಳಿಗಿ ಹಾಕಿದಿ ಬಾಟ್ಲ್ಯಾಗ,” ಎಂದೆ. “ಖರೇ ಗುಳಿಗಿ ಈ ಕುರಿಗಿ ಹಾಕಿದಿ.”

ಅವನು ಅಲ್ಲಗಳೆಯಲಿಲ್ಲ. ಕುರಿಯ ತುಟಿ ಎತ್ತಿ ತೋರಿಸಿದ. ಒಳಗೆಲ್ಲ ಬಿಳೀ ಹುಣ್ಣು, ಒಸಡು ಬಾತಿತ್ತು. “ನೋಡು. ನೀನೇ ನೋಡು ಯಕ್ಕಾ. ಹಂದಂಗಿಲ್ಲ, ತಿನ್ನಂಗಿಲ್ಲ. ನಾ ಅಂದಿದ್ದು ಸುಳ್ಳೇನು? ಇದು ಆಕಿ ಹೊಟ್ಟ್ಯಾಗ ಹೋಗ್ತಿತ್ತು.”

“ಆಕಿಗಿ ಕೇಳಬೇಕಿತ್ತಿಲ್ಲ?”

“ಕೇಳಿದ್ರ ತಿಂತಿದ್ಲು. ಓದಿದವ್ರು ಹೇಳಿದ್ದೆಲ್ಲಾ ಆಕಿಗಿ ಖರೇ. ನನಗ ಇರೋಳು ಒಬ್ಬಾಕಿ ಸೊಸಿ ಯಕ್ಕಾ. ಮಗಳಂಗ ಇದ್ದಾಳ. ನಾ ಹೆಂಗ ಬಿಡಲಿ?”

“ಹೌದ್ರಿ, ಮಗಳಂಗೇ ನೋಡ್ಕೊಂಡೀರಿ.”

ಮಲ್ಲೇಶ್ವರಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ, ಕೈಯಿಂದ ನೀರು ಹನಿಯುತ್ತಿತ್ತು.

“ನಾ ಸುಣ್ಣ ತಿಂದೀನಿ,” ಎಂದಳು. “ಒಂದು ಬಾಟ್ಲಿ ಸುಣ್ಣ. ಅಲ್ಲಿ ಕೂತು ಡಾಕ್ಟರಬಾಯಿ ಮುಂದ ಕಳ್ಳಿ ಆದೆ. ಗಂಡನೂ ಕಳ್ಳಿ ಅಂದ. ಗಂಟು ಅಲ್ಲಿ ಬೆಳಕೋತ ಕುಂತದ.”

“ಮಲ್ಲವ್ವಾ, ಕುರಿ ನೋಡು—”

“ನೋಡಿನ್ರಿ ಮಾವ. ನಿಮ್ಮ ಕುರಿಗಿ ಗಂಟಿತ್ತೇನ್ರಿ?”

ಧೊಂಡಿಬಾ ಕುರಿಯ ತುಟಿ ಬಿಟ್ಟ.

“ಗಂಟಿಲ್ಲದ ಕುರಿಗಿ ಗಂಟಿನ ಔಷಧ ಹಾಕಿ, ಔಷಧ ಕೆಟ್ಟದ ಅಂತೀರಿ. ನಾ ಸುಮ್ಮ ಇದ್ರೂ ಸಾಯ್ತೀನಿ. ಅದು ನಿಮಗ ಕಾಣಂಗಿಲ್ಲ, ಯಾಕಂದ್ರ ಅದು ಸಾವಕಾಶ ಅದ.”

ಹೊಸ ಬಾಟಲಿಯನ್ನು ಅವಳು ಗೂಡಿನಲ್ಲಿಡಲಿಲ್ಲ. ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಆದರೆ ನುಂಗಲೂ ಇಲ್ಲ. “ಮೊದಲ ಹೋಗಿ ಖರೇ ಹೇಳಿ ಬರಾಮಿ. ಇದ್ದಿದ್ದು ಇದ್ದಂಗ” ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು, ಅದರೊಳಗೆ ಹೆದರಿಕೆಯೂ ಇತ್ತು. ಕುರಿಯ ಕಡೆ ನೋಡದೆ ಅಂಗಳ ದಾಟುತ್ತಿದ್ದಳು.

ನಾವು ಹೊರಡುವ ಬೆಳಿಗ್ಗೆ ಕುರಿ ಸತ್ತಿತ್ತು. ಸತ್ತ ಕುರಿಯನ್ನು ನಮ್ಮವರು ಸುಮ್ಮನೆ ಬಿಡುವುದಿಲ್ಲ, ಚರ್ಮವಾದರೂ ಸುಲಿಯುತ್ತಾರೆ. ಧೊಂಡಿಬಾ ಚಾಕು ಮುಟ್ಟಲಿಲ್ಲ. ಹೊಲದ ಅಂಚಿನಲ್ಲಿ ಗುಂಡಿ ತೋಡಿ ಇಡಿಯಾಗಿ ಹೂತು, ಮಣ್ಣಿನ ಕೈಯಲ್ಲೇ ಬಸ್ಸಿಗೆ ಬಂದ. ಮಲ್ಲೇಶ್ವರಿ ಎಲ್ಲವನ್ನೂ ನೋಡಿದಳು. “ಹೋಗಾದು ಬ್ಯಾಡ ಮಲ್ಲವ್ವಾ” ಎಂದು ಅವನು ಮೆಲ್ಲಗೆ ಹೇಳಿದ. ಅವಳು ಬಸ್ ಹತ್ತಿ ನಮ್ಮಿಬ್ಬರಿಗೂ ಜಾಗ ಹಿಡಿದಳು.

ದವಾಖಾನೆಯಲ್ಲಿ ಮಲ್ಲೇಶ್ವರಿಯೇ ಎಲ್ಲವನ್ನೂ ಹೇಳಿದಳು. ತಸ್ಲೀಮ ಕೇಳುತ್ತ ಕೇಳುತ್ತ ಎದ್ದು ನಿಂತಳು.

“ಕುರಿಗಿ? ಆ ಗುಳಿಗಿ ಕುರಿಗಿ ಹಾಕಿದ್ರಿ? ಕಾಕಾ, ಅವು ಕೈಲೇ ಮುಟ್ಟಬಾರದಂತ ಹೇಳೀನಿ ನಾ!”

“ಸತ್ತದ ರೀ,” ಎಂದ ಧೊಂಡಿಬಾ. ಅವನ ದನಿಯಲ್ಲಿ ತಪ್ಪು ಮಾಡಿದವನ ಅಳುಕಿಗಿಂತ ಸಾಕ್ಷಿ ಸಿಕ್ಕವನ ಹಟವೇ ಹೆಚ್ಚಿತ್ತು. “ಈಗ ಹೇಳ್ರಿ ಬಾಯಾರ. ಅದು ವಿಷ ಹೌದೋ ಅಲ್ಲೋ?”

ತಸ್ಲೀಮ ಈಗ ಸುತ್ತು ಬಳಸಿ ಮಾತಾಡುತ್ತಾಳೆ, ಅಲ್ಲಿಗೆ ಎಲ್ಲಾ ಮುಗಿಯಿತು ಎಂದು ನಾನು ಅಂದುಕೊಂಡೆ. ಈ ಸಲ ಅವಳು ಮಲ್ಲೇಶ್ವರಿಯ ಕಡೆ ಕಣ್ಣು ಹೊರಳಿಸಲಿಲ್ಲ. ಅವನನ್ನೇ ನೋಡಿದಳು.

“ಹೌದ್ರಿ. ವಿಷಾನೇ.”

ತಸ್ಲೀಮ ಕುರ್ಚಿಯನ್ನು ಅವನ ಎದುರಿಗೆ ಎಳೆದುಕೊಂಡಳು.

“ನೀವು ಮೊದಲ ಕೇಳಿದ್ದಕ್ಕ ನಾ ಸರಿ ಉತ್ತರ ಕೊಡ್ಲಿಲ್ಲ,” ಎಂದು ಕೂತಳು. “ಛಲೋ ಕಣದಾಗ ಸಾಯೋ ಹುಕುಂ ಮುಚ್ಚೇ ಇಲ್ಲ, ಅದಕ್ಕ ಅಲ್ಲಿ ತೆಗಿಲಾಕ ಅಷ್ಟೇನಿಲ್ಲ. ಆದ್ರ ಗುಳಿಗಿಗಿ ಕಣ್ಣಿಲ್ಲ. ಜಲ್ದಿ ಹುಟ್ಟೋ ಕಣ ಎಲ್ಲಿದ್ರೂ ಕೈ ಹಾಕ್ತದ. ಬಾಯಾಗ, ರಕ್ತದಾಗ. ಅದಕ್ಕೇ ಹುಣ್ಣು. ಈಕಿಗಿ ತೂಕ ನೋಡಿ ಕೊಡ್ತೀವಿ, ರಕ್ತ ನೋಡ್ತೀವಿ, ಜ್ವರ ಬಂದ್ರ ಇಲ್ಲಿ ಇಟ್ಕೋತೀವಿ. ನಿಮ್ಮ ಕುರಿಗಿ ಯಾರ್ ರಕ್ತ ನೋಡಿದ್ರು? ಯಾರ್ ಜ್ವರ ನೋಡಿದ್ರು?”

“ಇಷ್ಟೆಲ್ಲಾ ಮಾಡಿದ್ರ ಗಂಟು ಸಾಯ್ತದ?” ಕೇಳಿದವಳು ಮಲ್ಲೇಶ್ವರಿ.

“ಖಾತ್ರಿ ಕೊಡಂಗಿಲ್ಲ. ಕೊಟ್ರ ಸುಳ್ಳ ಆಗ್ತದ. ಕೆಲವ್ರ ಗಂಟು ಕರಗ್ಯದ. ಕೆಲವ್ರದು ಏನೂ ಆಗಿಲ್ಲ.”

ಧೊಂಡಿಬಾ ಸೊಸೆಯ ಕಡೆ ತಿರುಗಿದ. “ಕೇಳಿದಿ? ತಾವೇ ಅಂದ್ರು. ನಡಿ ಮನಿಗಿ.”

“ಕೇಳಿನ್ರಿ ಮಾವ,” ಎಂದಳು ಅವಳು. “ಇದುತನಕ ಎಲ್ಲಾರೂ ಛಲೋ ಆಗ್ತದ ಅಂತಿದ್ರು. ನೀವೂ ಅಂತಿದ್ರಿ, ಸುಣ್ಣ ಕೊಟ್ಕೋತ. ಈ ಬಾಯಾರು ಒಬ್ಬರೇ ಗೊತ್ತಿಲ್ಲ ಅಂದ್ರು.” ತಸ್ಲೀಮನ ಕಡೆ ನೋಡಿದಳು. “ನನಗ ಕೊಡ್ರಿ. ಮೊದಲಿಂದ ಶುರು ಮಾಡ್ರಿ.”

ಅದು ಅಷ್ಟು ಸಲೀಸಾಗಲಿಲ್ಲ. ತಸ್ಲೀಮ ತನ್ನ ಮೇಲಿನವರಿಗೆ ಫೋನ್ ಮಾಡಿದಳು. ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದಳು. ನಡುವೆ ಒಮ್ಮೆ ಕುರಿಯ ವಿಷಯ ಎರಡೆರಡು ಸಲ ಹೇಳಬೇಕಾಯಿತೆಂದು ಅವಳ ಮುಖದಿಂದ ತಿಳಿಯಿತು. ನಾವು ಹೊರಗೆ ಬಾಕಿನ ಮೇಲೆ ಕೂತೆವು. ಮಲ್ಲೇಶ್ವರಿ ಸೆರಗಿನ ತುದಿಯನ್ನು ಸುತ್ತುವುದು, ಬಿಚ್ಚುವುದು. ಧೊಂಡಿಬಾ ಒಳಗಿನಿಂದ ಯಾರು ಬಂದರೂ ಅವರ ಕೈ ನೋಡುತ್ತಿದ್ದ. ಕೊನೆಗೆ ಕರೆದರು. ಗುಳಿಗೆ ಅವಳ ಹೊಟ್ಟೆಗೆ ಹೋಗೇ ಇಲ್ಲವಾದ್ದರಿಂದ, ಮತ್ತೆ ರಕ್ತ ಕೊಟ್ಟು ಹೊಸದಾಗಿ ಶುರು ಮಾಡಬಹುದು ಎಂದರು. ಆದರೆ ನುಂಗುವುದು ಬೀದರದಲ್ಲೇ, ನೌಬಾದದ ಹತ್ತಿರ ಅವರು ಹೇಳಿದ ಕೋಣೆಯಲ್ಲಿದ್ದು, ನರ್ಸಿನ ಎದುರಿಗೆ. ಮನೆಗೆ ಬಾಟಲಿ ಇಲ್ಲ; ಟ್ರಂಕಿನಲ್ಲಿದ್ದುದನ್ನೂ ತಂದು ಒಪ್ಪಿಸಬೇಕು.

“ನನ್ನ ಮ್ಯಾಲ ಶಕ್,” ಎಂದ ಧೊಂಡಿಬಾ.

“ಮತ್ತೇನು ಹಾರ ಹಾಕ್ತಾರ?” ಎಂದೆ ನಾನು.

ನಾನು ಅವಳ ಸಂಗಡ ಉಳಿದೆ. ಧೊಂಡಿಬಾ ಊರಿಗೆ ಹೋಗಿ ಬಂದು ಮಾಡುತ್ತಿದ್ದ. ಬಂದಾಗಲೆಲ್ಲ ಮೊದಲು ಅವಳ ತುಟಿ ನೋಡುತ್ತಿದ್ದ, ಆಮೇಲೆ ಮಾತು. ಗುಳಿಗೆ ಮುಗಿದ ವಾರದಲ್ಲಿ ಅವಳ ಬಾಯಲ್ಲಿ ಹುಣ್ಣೆದ್ದವು. ಅನ್ನ ಹೋಗಲಿಲ್ಲ, ನೀರೂ ಉರಿಯುತ್ತಿತ್ತು. ಅವತ್ತು ಅವನು ಬಾಗಿಲಲ್ಲೇ ನಿಂತುಬಿಟ್ಟ. ಅದೇ ದಿನ ಮಧ್ಯಾಹ್ನ ತಸ್ಲೀಮ ಬಂದಳು. ರಕ್ತದಲ್ಲಿ ಗುರುತು ಕಂಡಿದೆ, ಗುಳಿಗೆ ಮುಟ್ಟಿದೆ, ಮುಚ್ಚಳ ಸಡಿಲಾಗಿವೆ ಎಂದಳು. ಗಂಟಿನ ಮಾತು ಮುಂದಿನ ಸ್ಕ್ಯಾನ್ ಆಗುವವರೆಗೆ ಹೇಳಲಾಗದು.

“ಎಲ್ಲಿ ಮುಟ್ಟ್ಯದಂತ ಕೇಳು ಯಕ್ಕಾ,” ಎಂದು ಅವನು ನನಗೆ ಪಿಸುಗುಟ್ಟಿದ. “ಗಂಟಿಗಿ ಮುಟ್ಟ್ಯದೋ, ಆಕಿಗಿ ಮುಟ್ಟ್ಯದೋ?”

ಮಲ್ಲೇಶ್ವರಿಗೆ ಕೇಳಿಸಿತು. ಮಾತಾಡಿದರೆ ನೋವು, ಆದರೂ ಮಾತಾಡಿದಳು. “ಎರಡಕ್ಕೂ ಮುಟ್ಟ್ಯದ್ರಿ ಮಾವ. ಬಾಯಿಗಿ ಹಚ್ಚೋ ಔಷಧ ಬರದು ಕೊಟ್ಟಾರ. ಹೋಗಿ ತರ್ರಿ. ಚೀಟಿ ಅಂಗಡಿಯವಗ ಕೊಡ್ರಿ, ನೀವು ಆರಸ್ಲಾಕ ಹೋಗಬ್ಯಾಡ್ರಿ.”

ಹುಣ್ಣು ಬಾಯಿಯಲ್ಲೇ ಅವಳು ನಕ್ಕಳು, ನಕ್ಕು ನೋವಿಗೆ ಕಣ್ಣು ಮುಚ್ಚಿದಳು.

ಅವನು ಚೀಟಿ ತೆಗೆದುಕೊಂಡು ಹೋದ. ತಂದ ಬಾಟಲಿಯ ಬಿರಡೆಯನ್ನು ಅವಳ ಎದುರಿಗೇ ಬಿಚ್ಚಿ, ಬೆರಳ ತುದಿಗೆ ಒಂದು ಹನಿ ತೆಗೆದು ತನ್ನ ನಾಲಿಗೆಗೆ ಹಚ್ಚಿಕೊಂಡ. ಗೋಡೆಗೆ ಒರಗಿ ಕೂತು ಸ್ವಲ್ಪ ಹೊತ್ತು ಕಾಯ್ದ. ಆಮೇಲೆ ಎದ್ದು ಬಾಟಲಿಯನ್ನು ಅವಳ ಕೈಗೆ ಕೊಟ್ಟ.